ಹೈದರಾಲಿ ಮತ್ತು ಕಡಲು

ಲೇಖಕರು: ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗೆಳೆಯರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ಶ್ರೀರಂಗಪಟ್ಟಣದ ಪ್ರವಾಸ. ಬೆಳಿಗ್ಗೆ ಬೇಗ ಎದ್ದು, ಅವ್ವ ಕಟ್ಟಿಕೊಟ್ಟ ಚಿತ್ರಾನ್ನದ ಪೊಟ್ಟಣ ಹಿಡಿದು ಶಾಲೆಯ ಮುಂದೆ ಬಸ್ಸಿಗೆ ಕಾದಿದ್ದೆವು. ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಗುಂಬಜ್ ನೋಡಿ, ಕೊನೆಗೆ ದರಿಯಾ ದೌಲತ್ ಅರಮನೆಗೆ ಹೋದೆವು. ಅಲ್ಲಿನ ಪಡುವಣ ಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧದ ಚಿತ್ರ. ಕುದುರೆಗಳು, ಆನೆಗಳು, ಕೆಂಪು ಅಂಗಿ ತೊಟ್ಟ ಸಿಪಾಯಿಗಳು. ನಾವೆಲ್ಲ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಈ ಅರಮನೆಯ ಹೆಸರಿಗೆ ಕಡಲಿನ ಸಂಪತ್ತು ಎಂಬ ಅರ್ಥವಿದೆ ಎಂದು ತಿಳಿಸಿದರು.

ನಾನು ಕೈ ಎತ್ತಿ, ಇಲ್ಲಿ ಕಾವೇರಿ ಇದೆ, ಕಡಲೆಲ್ಲಿದೆ ಸಾರ್ ಎಂದು ಕೇಳಿದೆ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಒಳ್ಳೆಯ ಪ್ರಶ್ನೆ, ಉತ್ತರವನ್ನು ನೀನೇ ಹುಡುಕು ಎಂದು ಹೇಳಿ ಮುಂದೆ ನಡೆದರು. ಆಗ ನಮ್ಮ ತರಗತಿಯಲ್ಲಿ ಯಾರೊಬ್ಬರೂ ಸಮುದ್ರ ನೋಡಿರಲಿಲ್ಲ. ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು, ಅಷ್ಟೆ.

ಆ ಪ್ರಶ್ನೆಯನ್ನು ನಾನು ಮರೆತೆ. ಎಂಜಿನಿಯರಿಂಗ್ ಮುಗಿಯಿತು, ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಗೆಳೆಯರೊಡನೆ ಮಂಗಳೂರಿಗೆ ಹೋದಾಗ ಬೋಳೂರಿನ ಸುಲ್ತಾನ್ ಬತ್ತೇರಿಯ ಮೇಲೆ ನಿಂತು ಜೀವನದಲ್ಲಿ ಮೊದಲ ಸಲ ಗುರುಪುರ ಹೊಳೆ ಕಡಲಿನತ್ತ ಸಾಗುವುದನ್ನು ಕಂಡೆ. ಕರಿಕಲ್ಲಿನ ಆ ಕಾವಲು ಗೋಪುರ ಕಟ್ಟಿಸಿದವರು ನಮ್ಮ ಶ್ರೀರಂಗಪಟ್ಟಣದವರು. ಅವರಿಗೆ ಇಷ್ಟು ದೂರದ ದಡದಲ್ಲಿ ಯಾರ ಭಯವಿತ್ತು? ಅಂದು ಮೇಷ್ಟ್ರ ಮಾತು ಮತ್ತೆ ನೆನಪಾಯಿತು. ಅಲ್ಲಿಂದ ಬಂದ ಮೇಲೆ ಬಿಡುವಾದಾಗಲೆಲ್ಲ ಹೈದರಾಲಿಯ ಬಗ್ಗೆ ಓದತೊಡಗಿದೆ. ಹಾಗೆ ಓದಿ ತಿಳಿದದ್ದನ್ನು ನಮ್ಮ ಊರಿನವರ ಮುಂದೆ, ವಿಶೇಷವಾಗಿ ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರ ಮುಂದೆ ಇಡುತ್ತಿದ್ದೇನೆ.

ಬೂದಿಕೋಟೆಯ ಹುಡುಗ

ಹೈದರಾಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಸುಮಾರು 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಸಿರಾ ಸೀಮೆಯ ನವಾಬರ ಕೈಕೆಳಗೆ ದಂಡಿನ ಅಧಿಕಾರಿಯಾಗಿದ್ದವನು. ಹೈದರ್ ಇನ್ನೂ ಮಗುವಾಗಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಮನೆಯವರ ಮೇಲೆ ಸಾಲದ ನೆಪ ಹೂಡಿ ದೊಡ್ಡಬಳ್ಳಾಪುರದಲ್ಲಿ ಅಧಿಕಾರದಲ್ಲಿದ್ದ ಅಬ್ಬಾಸ್ ಕುಲಿ ಖಾನ್ ಎಂಬವನು ಹೈದರ್ ಮತ್ತು ಅವನ ಅಣ್ಣ ಶಹಬಾಜ್ ಇಬ್ಬರನ್ನೂ ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿಸಿ ಹಿಂಸೆ ಕೊಟ್ಟು ಹಣ ವಸೂಲು ಮಾಡಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ.

ಈ ಕಥೆಗೆ ಮುಂದಿನ ಭಾಗವೂ ಇದೆ. ಹೈದರ್ ದೊಡ್ಡವನಾಗಿ ಬಳ್ಳಾಪುರವನ್ನು ಹಿಡಿದಾಗ ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಓಡಿಹೋದ. ಹೈದರನ ಕುದುರೆ ದಂಡು ಮದರಾಸಿನ ಹತ್ತಿರವೂ ಬಂತೆಂದು ಕೇಳಿದ ಕೂಡಲೇ ಅವನು ಹಳೆಯ ಹಡಗೊಂದನ್ನು ಹತ್ತಿ ಸಮುದ್ರದಲ್ಲಿ ನಿಂತನಂತೆ. ದಂಡು ಘಟ್ಟ ಹತ್ತಿ ವಾಪಸಾಗುವ ತನಕ ಇಳಿಯಲೇ ಇಲ್ಲವಂತೆ. ಇದನ್ನು ಓದಿದಾಗ ನನಗೆ ನಗು ಬಂತು. ಆದರೆ ಹೈದರನ ಇಡೀ ಬದುಕನ್ನು ಓದಿ ಮುಗಿಸಿದ ಮೇಲೆ ಇದೇ ಘಟನೆ ಬೇರೆಯಾಗಿ ಕಂಡಿತು. ಅವನಿಗೆ ಸಿಕ್ಕಿಬೀಳಬೇಕಾದ ಶತ್ರುಗಳು ಮತ್ತೆ ಮತ್ತೆ ಹಡಗು ಹತ್ತಿ ತಪ್ಪಿಸಿಕೊಂಡರು. ಅವನು ಸೋಲಿಸಿದವರ ಜಾಗಕ್ಕೆ ಹೊಸಬರು ಮತ್ತೆ ಮತ್ತೆ ಹಡಗಿನಿಂದ ಇಳಿದು ಬಂದರು.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನು ಹೇಗೋ ಕಲಿತು ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನಂತೆ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಎಲ್ಲವನ್ನೂ ಸರಾಗವಾಗಿ ಆಡುತ್ತಿದ್ದ. ಅವನ ನೆನಪಿನ ಶಕ್ತಿಯನ್ನು ಶತ್ರುಗಳೂ ಹೊಗಳಿದ್ದಾರೆ. ಲೆಕ್ಕವನ್ನು ಬಾಯಲ್ಲೇ ಕೇಳಿ ತಪ್ಪು ಹಿಡಿಯುತ್ತಿದ್ದ. ಒಬ್ಬ ಓದಿ ಹೇಳುವಾಗ ಇನ್ನೊಬ್ಬನಿಗೆ ಹುಕುಂ ಕೊಡುತ್ತಿದ್ದ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಹೋದ ಮೊದಲ ವರ್ಷ ಇಂಗ್ಲಿಷ್ ಪಾಠ ಅರ್ಥವಾಗದೆ ಹಾಸ್ಟೆಲಿನಲ್ಲಿ ಅತ್ತ ನನಗೆ ಇದನ್ನು ಓದಿ ಸಮಾಧಾನವಾಗಿತ್ತು ಎಂದು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸಿಪಾಯಿಯಿಂದ ನವಾಬನವರೆಗೆ

1749ರಲ್ಲಿ ಮೈಸೂರಿನ ದಂಡು ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಅಣ್ಣನ ಜೊತೆ ಹೋದ ಹೈದರ್ ತೋರಿದ ಧೈರ್ಯ ನಂಜರಾಜಯ್ಯನವರ ಕಣ್ಣಿಗೆ ಬಿತ್ತು. ಚಿಕ್ಕದೊಂದು ತುಕಡಿ ಕೈಗೆ ಬಂತು. ಮುಂದೆ ತಿರುಚಿನಾಪಳ್ಳಿಯ ಯುದ್ಧಗಳಲ್ಲಿ ಇಂಗ್ಲಿಷರೂ ಫ್ರೆಂಚರೂ ಕಾಲ್ದಳವನ್ನು ಹೇಗೆ ಸಾಲಾಗಿ ನಿಲ್ಲಿಸುತ್ತಾರೆ, ತೋಪುಗಳನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕಸುಬುದಾರರನ್ನು ಕರೆಸಿ ಮದ್ದುಗುಂಡು, ತೋಪಿನ ಕಾರ್ಖಾನೆ ಶುರು ಮಾಡಿದ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರಿಂದ ಕಲಿಯಲು ಅವನಿಗೆ ಎಂದೂ ಸಂಕೋಚವಿರಲಿಲ್ಲ. ಈ ಗುಣವನ್ನು ಓದುಗರು ನೆನಪಿಡಬೇಕು. ಮುಂದೆ ಒಂದು ಸಲ ಅವನು ಇದನ್ನೇ ಮರೆತು ದೊಡ್ಡ ಬೆಲೆ ತೆತ್ತ.

1760ರಲ್ಲಿ ತನ್ನದೇ ದಿವಾನ ಖಂಡೇರಾಯ ತಿರುಗಿಬಿದ್ದಾಗ ಹೈದರ್ ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರಿಯಲ್ಲಿ ಕಾವೇರಿ ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಮರುವರ್ಷವೇ ಹಿಂದಿರುಗಿ ಬಂದು ಅಧಿಕಾರವನ್ನು ಪೂರ್ತಿ ಕೈಗೆ ತೆಗೆದುಕೊಂಡ. ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಸಿಂಹಾಸನದಲ್ಲಿದ್ದರು, ದಸರಾ ನಡೆಯುತ್ತಿತ್ತು, ಆದರೆ ರಾಜ್ಯ ಹೈದರನದಾಗಿತ್ತು.

1763ರಲ್ಲಿ ಅವನು ಬಿದನೂರಿನ ಕೆಳದಿ ಸಂಸ್ಥಾನವನ್ನು ಗೆದ್ದ. ರಾಣಿ ವೀರಮ್ಮಾಜಿ ಸೆರೆಯಾದಳು. ಬಿದನೂರಿನ ಸಿರಿವಂತಿಕೆ ಹೈದರನ ಕೈಸೇರಿತು. ಊರಿಗೆ ಹೈದರನಗರ ಎಂದು ಹೆಸರಾಯಿತು, ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಕೆಳದಿಯವರ ಪಾಲಿಗೆ ಇದು ಇನ್ನೂರೈವತ್ತು ವರ್ಷಗಳ ಮನೆತನ ಮುಳುಗಿದ ದುಃಖದ ಕಥೆ. ಹೈದರನಿಗೆ ಅದರಿಂದ ಹಣದ ಜೊತೆ ಇನ್ನೊಂದು ಸಿಕ್ಕಿತು. ಘಟ್ಟದ ಕೆಳಗಿನ ಮಂಗಳೂರು, ಬಸರೂರು, ಹೊನ್ನಾವರದ ಬಂದರುಗಳು ಅವನವಾದವು. ಬೂದಿಕೋಟೆಯ ಹುಡುಗನ ರಾಜ್ಯ ಕಡಲಿಗೆ ಮುಟ್ಟಿತು.

ಕುದುರೆ ಸರದಾರನ ಕೈಗೆ ಹಡಗುಗಳು

ಮಲೆನಾಡಿನ ಕಾಡಿನಲ್ಲಿ ತೇಗಕ್ಕೆ ಬರವಿರಲಿಲ್ಲ. ಕರಾವಳಿಯಲ್ಲಿ ತಲೆತಲಾಂತರದಿಂದ ಹಡಗು ಕಟ್ಟುವ ಬಡಗಿಗಳಿದ್ದರು, ಮಳೆಗಾಲದ ಗಾಳಿಯನ್ನೂ ಅಳಿವೆಯ ಮರಳು ದಿಬ್ಬಗಳನ್ನೂ ಬಲ್ಲ ನಾವಿಕರಿದ್ದರು. ಹೈದರ್ ನೌಕಾದಳ ಕಟ್ಟಲು ಹೊರಟ. ದೊಡ್ಡ ಹಡಗುಗಳು, ಎರಡು ಮೂರು ಕಂಬದ ಗುರಾಬುಗಳು, ಹಾಯಿ ಮತ್ತು ಹುಟ್ಟು ಎರಡರಿಂದಲೂ ಓಡುವ ಗಲ್ಲಿವಾತುಗಳು ಸಿದ್ಧವಾದವು. ಯುರೋಪಿನ ನಾವಿಕರೂ ಕಣ್ಣೂರಿನ ಅಲಿ ರಾಜನೂ ಇದಕ್ಕೆ ನೆರವಾದರು. ಮಲಬಾರಿನ ದಂಡಯಾತ್ರೆಯಲ್ಲಿ ಈ ಹಡಗುಗಳು ದಡದ ಪಕ್ಕದಲ್ಲೇ ಸಾಗಿದವು.

ಇಷ್ಟೆಲ್ಲ ಮಾಡಿದ ಮೇಲೆ ಹೈದರ್ ಒಂದು ತಪ್ಪು ಮಾಡಿದ. ನೌಕಾದಳದ ಮೇಲಧಿಕಾರಿಯಾಗಿ ಲುತ್ಫ್ ಅಲಿ ಬೇಗ್ ಎಂಬ ಅಶ್ವದಳದ ಸರದಾರನನ್ನು ನೇಮಿಸಿದ. ಅವನು ನಂಬಿಕಸ್ಥನಿರಬಹುದು, ಕುದುರೆಯ ಮೇಲೆ ಶೂರನಿರಬಹುದು, ಆದರೆ ಹಡಗಿನ ಕೆಲಸ ಅವನಿಗೆ ತಿಳಿಯದು. ಹಡಗಿನ ಕಪ್ತಾನರಿಗೆ ಇದು ಅವಮಾನವೆನಿಸಿತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಂಡಕ್ಕೂ ಇಂಥದೇ ಒಬ್ಬ ಮುಖ್ಯಸ್ಥರು ಬಂದಿದ್ದರು. ಬೇರೆ ವಿಭಾಗದಲ್ಲಿ ಹೆಸರು ಮಾಡಿದವರು. ನಾವು ಮಾಡುವ ಕೆಲಸ ಅವರಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಆರು ತಿಂಗಳಲ್ಲಿ ಕೆಲಸ ಬಲ್ಲವರೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ನಮ್ಮಲ್ಲಿ ಹೋದದ್ದು ಒಂದು ಪ್ರಾಜೆಕ್ಟ್, ಅಷ್ಟೆ. ಹೈದರನಿಗೆ ಹೋದದ್ದು ಇಡೀ ನೌಕಾದಳ.

1768ರ ಆರಂಭದಲ್ಲಿ ಹೈದರ್ ಪೂರ್ವದ ಕಡೆ ಕಂಪನಿಯ ಮದರಾಸು ದಂಡಿನೊಡನೆ ಯುದ್ಧದಲ್ಲಿದ್ದಾಗ ಮುಂಬಯಿಯಿಂದ ಕಂಪನಿಯ ಹಡಗುಗಳು ದಂಡು ಹೇರಿಕೊಂಡು ಕರಾವಳಿಗೆ ಬಂದವು. ಹೊನ್ನಾವರದ ಹತ್ತಿರ ಎರಡೂ ಕಡೆಯ ಹಡಗುಗಳು ಎದುರಾದವು. ಯುದ್ಧವೇ ನಡೆಯಲಿಲ್ಲ. ಮುನಿಸಿಕೊಂಡಿದ್ದ ಕಪ್ತಾನರು 2 ದೊಡ್ಡ ಹಡಗು, 2 ಗುರಾಬು, 10 ಗಲ್ಲಿವಾತುಗಳ ಸಮೇತ ಕಂಪನಿಯ ಕಡೆ ಸೇರಿಕೊಂಡರು. ಕೆಲವೇ ದಿನಗಳಲ್ಲಿ ಮಂಗಳೂರು, ಹೊನ್ನಾವರ ಎರಡೂ ಕೈಬಿಟ್ಟವು.

ಸುದ್ದಿ ತಿಳಿದ ಹೈದರ್ ಮಗ ಟಿಪ್ಪುವನ್ನು ಮುಂದೆ ಕಳಿಸಿ ತಾನೂ ಹಿಂದೆಯೇ ಪಶ್ಚಿಮಕ್ಕೆ ಧಾವಿಸಿದ. ದಂಡು ಬಹಳ ದೊಡ್ಡದೆಂದು ಕಾಣಲೆಂದು ಬಿದನೂರಿನ ಕಡೆಯ ಜನರ ಕೈಯಲ್ಲಿ ಮರದಿಂದ ಮಾಡಿದ ಸುಳ್ಳು ಬಂದೂಕುಗಳನ್ನು ಹೊರಿಸಿದನೆಂದೂ ವಿಲ್ಕ್ಸ್ ಬರೆಯುತ್ತಾನೆ. ಮೇ ತಿಂಗಳಲ್ಲಿ ಮಂಗಳೂರಿನಲ್ಲಿದ್ದ ಕಂಪನಿಯ ದಂಡು ಕಾದಾಡದೆ ದೋಣಿ ಹತ್ತಿತು. ಅವಸರದಲ್ಲಿ ತೋಪುಗಳನ್ನಷ್ಟೇ ಅಲ್ಲ, ಕಾಯಿಲೆ ಬಿದ್ದವರನ್ನೂ ಗಾಯಗೊಂಡವರನ್ನೂ ದಡದಲ್ಲೇ ಬಿಟ್ಟುಹೋದರು. ದೊಡ್ಡವರ ಲೆಕ್ಕಾಚಾರದಲ್ಲಿ ಬಡ ಸಿಪಾಯಿಯ ಗತಿ ಏನೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಕಂಪನಿಗೆ ನೆರವಾದ ಅಲ್ಲಿನ ವರ್ತಕರಿಂದ ಹೈದರ್ ಭಾರೀ ದಂಡ ವಸೂಲು ಮಾಡಿದ. ಬಂದವರು ಹಡಗು ಹತ್ತಿ ಹೋದರು, ಬೆಲೆ ತೆತ್ತವರು ದಡದಲ್ಲಿ ಉಳಿದವರು.

ನೆಲದ ಮೇಲೆ ಹೈದರನಿಗೆ ಸಾಟಿ ಇರಲಿಲ್ಲ. 1769ರಲ್ಲಿ 6,000 ಕುದುರೆ ಸವಾರರೊಂದಿಗೆ ಮೂರೂವರೆ ದಿನದಲ್ಲಿ ಸುಮಾರು 200 ಕಿಲೋಮೀಟರು ಓಡಿ ಮದರಾಸಿನ ಬಾಗಿಲಲ್ಲಿ ನಿಂತ. ಕಂಪನಿಯವರು ಅವನು ಹೇಳಿದಂತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕೆಂಬುದು ಅದರ ಮುಖ್ಯ ಷರತ್ತು.

ನಮ್ಮ ನೆಲದ ಮೇಲಿನ ಸೋಲು

ಆ ಷರತ್ತಿನ ಪರೀಕ್ಷೆ ನಡೆದದ್ದು ನಮ್ಮ ಪಕ್ಕದಲ್ಲೇ. 1771ರ ಮಾರ್ಚ್‌ನಲ್ಲಿ ತ್ರಿಯಂಬಕರಾಯನ ನೇತೃತ್ವದಲ್ಲಿ ಮರಾಠರ ದಂಡು ಮೇಲುಕೋಟೆಯ ಕಡೆಯಿಂದ ಹೈದರನನ್ನು ಸುತ್ತುವರಿಯಿತು. ಅವನು ರಾತ್ರಿಯಲ್ಲಿ ದಂಡನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲು ಹೊರಟ. ಬೆಳಗಾಗುವಷ್ಟರಲ್ಲಿ ಗುಟ್ಟು ರಟ್ಟಾಗಿ, ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಮಾರ್ಚ್ 5ರಂದು ಅವನ ದಂಡು ದಿಕ್ಕಾಪಾಲಾಯಿತು. ಹೈದರ್ ಕುದುರೆಯೇರಿ ಪಟ್ಟಣ ಸೇರಿದ. ಟಿಪ್ಪು ಭಿಕ್ಷುಕನ ವೇಷದಲ್ಲಿ ತಪ್ಪಿಸಿಕೊಂಡು ಬಂದನಂತೆ. ಮೇಲುಕೋಟೆ ಲೂಟಿಯಾಯಿತು. ಈಗ ನಾವು ಮದುವೆಗೆ, ಸಂತೆಗೆ, ವೈರಮುಡಿಗೆ ಓಡಾಡುವ ದಾರಿಗಳಲ್ಲೇ ಇದೆಲ್ಲ ನಡೆದದ್ದು. ನಾನು ಚಿನಕುರಳಿ ಮೇಲೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೆನೋ ಲೆಕ್ಕವಿಲ್ಲ, ಒಮ್ಮೆಯೂ ಇದು ಗೊತ್ತಿರಲಿಲ್ಲ.

ಮದರಾಸಿನಿಂದ ನೆರವು ಬರಲಿಲ್ಲ. ಕೊಟ್ಟ ಮಾತನ್ನು ಕಂಪನಿ ಮುರಿಯಿತು. ಈ ನೋವನ್ನು ಹೈದರ್ ಸಾಯುವ ತನಕ ಮರೆಯಲಿಲ್ಲ.

ಪೊಳ್ಳಿಲೂರಿನ ಗೆಲುವು, ಮಂಗಳೂರಿನ ಬೆಂಕಿ

1779ರಲ್ಲಿ ಕಂಪನಿಯವರು ಮಲಬಾರಿನ ಮಾಹೆಯನ್ನು ಫ್ರೆಂಚರಿಂದ ಕಿತ್ತುಕೊಂಡರು. ಹೈದರನಿಗೆ ಬಂದೂಕು, ಮದ್ದುಗುಂಡು ಬರುತ್ತಿದ್ದ ಬಾಗಿಲು ಅದು. ಅದು ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಅವನು ಮೊದಲೇ ತಿಳಿಸಿದ್ದ. 1780ರ ಜುಲೈನಲ್ಲಿ ಸುಮಾರು 80,000 ಜನರ ದಂಡಿನೊಂದಿಗೆ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸುಮಾರು 3,800 ಜನರ ದಂಡು ನಾಶವಾಯಿತು. ಮೈಸೂರಿನ ರಾಕೆಟ್ಟುಗಳೂ ತೋಪುಗಳೂ ಅಂದು ಮಾಡಿದ ಕೆಲಸವನ್ನು ದರಿಯಾ ದೌಲತ್ತಿನ ಗೋಡೆಯಲ್ಲಿ ಇಂದೂ ನೋಡಬಹುದು. ಸೆರೆಸಿಕ್ಕ ಬೇಲಿ ಶ್ರೀರಂಗಪಟ್ಟಣದಲ್ಲೇ 1782ರಲ್ಲಿ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ.

ಗೋಡೆಯ ಮೇಲೆ ಬರೆಯದ ಇನ್ನೊಂದು ಚಿತ್ರವೂ ಇದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಅಳಿವೆಯ ಮುಂದೆ ಬಂದು ನಿಂತ. ಹೈದರ್ ಎರಡನೇ ಸಲ ಕಷ್ಟಪಟ್ಟು ಕಟ್ಟಿಸಿದ್ದ ಹಡಗುಗಳನ್ನು ಅಲ್ಲೇ ನಾಶಮಾಡಿದ. ಹೈದರ್ ಆಗ ನೂರಾರು ಮೈಲಿ ದೂರದ ಆರ್ಕಾಟಿನಲ್ಲಿದ್ದ. ಅವನು ಇಡೀ ಒಂದು ದಂಡನ್ನು ಗೆದ್ದಿದ್ದ. ಆದರೆ ಬಂಗಾಳದಿಂದ ಜನರಲ್ ಐರ್ ಕೂಟ್ ಹೊಸ ದಂಡಿನೊಂದಿಗೆ ಹಡಗಿನಲ್ಲಿ ಬಂದು ಆಗಲೇ ಮದರಾಸಿನಲ್ಲಿ ಇಳಿದಾಗಿತ್ತು.

ಕಡಲೂರಿನ ಆ ಕೆಲವು ದಿನಗಳು

ಹೈದರನ ಬದುಕಿನಲ್ಲಿ ನನ್ನನ್ನು ಬಹಳ ಕಾಡಿದ್ದು 1781ರ ಫೆಬ್ರವರಿ. ಕೂಟನ ದಂಡು ಕಡಲೂರಿನಲ್ಲಿ ಸಿಕ್ಕಿಕೊಂಡಿತ್ತು. ಸುತ್ತಲಿನ ಹಳ್ಳಿಗಳ ದವಸ, ದನ ಎಲ್ಲವನ್ನೂ ಹೈದರ್ ಮೊದಲೇ ಖಾಲಿ ಮಾಡಿಸಿದ್ದ. ನೆಲದ ದಾರಿ ಮುಚ್ಚಿತ್ತು. ಅಕ್ಕಿ ಬರಬೇಕಾದರೆ ಕಡಲಿನಿಂದಲೇ ಬರಬೇಕು. ಇಂಗ್ಲಿಷರ ಹಡಗುದಳ ಆಗ ಪಶ್ಚಿಮ ಕರಾವಳಿಯಲ್ಲಿತ್ತು. ಕಡಲೂರಿನ ಮುಂದಿನ ಸಮುದ್ರದಲ್ಲಿ ಇದ್ದದ್ದು ಫ್ರೆಂಚ್ ಹಡಗುಗಳು, ಅವುಗಳ ಮುಖ್ಯಸ್ಥ ದೋರ್ವ್.

ಹೈದರ್ ದೂತರನ್ನು ಕಳಿಸಿದ. ಕೆಲವು ದಿನ ಅಲ್ಲೇ ನಿಲ್ಲಿ, ಬೇಕಾದ ಆಹಾರ ನಾನು ಒದಗಿಸುತ್ತೇನೆ ಎಂದು ಕೇಳಿಕೊಂಡ. ದೋರ್ವ್ ಒಪ್ಪಲಿಲ್ಲ. ಹಾಯಿ ಬಿಚ್ಚಿ ಮಾರಿಷಸ್ ದ್ವೀಪದ ಕಡೆ ಹೊರಟುಹೋದ. ಮದರಾಸಿನಿಂದ ಅಕ್ಕಿಯ ಹಡಗುಗಳು ಬಂದವು, ಕೂಟನ ದಂಡು ಉಳಿಯಿತು. ಅಂದು ಆ ಹಡಗುಗಳು ಇನ್ನಷ್ಟು ದಿನ ನಿಂತಿದ್ದರೆ ದಕ್ಷಿಣ ಭಾರತದ ಇತಿಹಾಸ ಬೇರೆಯಾಗುತ್ತಿತ್ತು ಎಂದು ಬ್ರಿಟಿಷ್ ಇತಿಹಾಸಕಾರರೇ ಬರೆದಿದ್ದಾರೆ.

ಅದೇ ವರ್ಷ ಜುಲೈ 1ರಂದು ಪೋರ್ಟೊ ನೋವೊ, ಅಂದರೆ ಪರಂಗಿಪೇಟೆಯ ಕಡಲ ದಡದಲ್ಲಿ ಕೂಟ್ ಹೈದರನನ್ನು ಸೋಲಿಸಿದ. ದಡದ ಹತ್ತಿರ ಬಂದಿದ್ದ ಇಂಗ್ಲಿಷರ ಹಡಗೊಂದು ಮೈಸೂರಿನ ಕುದುರೆ ದಂಡಿನ ಮೇಲೆ ಗುಂಡು ಹಾರಿಸಿತು. ದಿಬ್ಬದ ಮೇಲೆ ಕುಳಿತು ಯುದ್ಧ ನೋಡುತ್ತಿದ್ದ ಹೈದರನಿಗೆ ಸೋಲನ್ನು ನಂಬಲಾಗಲಿಲ್ಲ. ಎಬ್ಬಿಸಲು ಬಂದವರನ್ನು ಬೈದ. ಕೊನೆಗೆ ಹಳೆಯ ಕುದುರೆಯಾಳು ಒಬ್ಬ ಯಜಮಾನನ ಕಾಲಿಗೆ ತಾನೇ ಮೆಟ್ಟು ತೊಡಿಸಿ, ನಾಳೆ ಗೆಲ್ಲೋಣ ಎಂಬಂತೆ ಸಮಾಧಾನ ಹೇಳಿ ಕುದುರೆ ಹತ್ತಿಸಿದನಂತೆ. ರಾಜ್ಯವನ್ನೇ ನಡುಗಿಸುತ್ತಿದ್ದವನನ್ನು ಆ ಹೊತ್ತಿನಲ್ಲಿ ಉಳಿಸಿದ್ದು ಹೆಸರೂ ಗೊತ್ತಿಲ್ಲದ ಒಬ್ಬ ಆಳು.

ಇದರ ನಡುವೆ ಬಯಲುಸೀಮೆಯ ಜನರು ಪಟ್ಟ ಪಾಡನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಶತ್ರುವಿಗೆ ಒಂದು ಹಿಡಿ ಧಾನ್ಯವೂ ಸಿಗಬಾರದೆಂದು ಹೈದರ್ ಸುಡಿಸಿದ ಹೊಲಗಳು ಬಡ ರೈತರವು, ಒಡೆಸಿದ ಕೆರೆಗಳು ಊರವರವು. 1782ರಲ್ಲಿ ಮದರಾಸು ಸೀಮೆಯಲ್ಲಿ ಭೀಕರ ಬರ ಬಂದು ಜನ ಬೀದಿಯಲ್ಲಿ ಸತ್ತರು. ರೈತನ ಮಗನಾಗಿ ನಾನು ಇದನ್ನು ಓದಿದಾಗ ಹೈದರನ ಮೇಲಿನ ಅಭಿಮಾನಕ್ಕೆ ಪೆಟ್ಟು ಬಿದ್ದದ್ದು ನಿಜ. ಒಂದೇ ಮನುಷ್ಯನಲ್ಲಿ ಮೆಚ್ಚುವುದೂ ಇರುತ್ತದೆ, ಮೆಚ್ಚಲಾಗದ್ದೂ ಇರುತ್ತದೆ. ಎರಡನ್ನೂ ಓದಬೇಕು.

ಬತ್ತಿಸಲಾಗದ ಕಡಲು

1782ರಲ್ಲಿ ಫ್ರೆಂಚರ ಹೊಸ ನೌಕಾಧಿಪತಿ ಸಫ್ರೆನ್ ಬಂದ. ಅವನ ಹಡಗುಗಳಿಂದ ಪರಂಗಿಪೇಟೆಯಲ್ಲಿ ಇಳಿದ ಫ್ರೆಂಚ್ ಸಿಪಾಯಿಗಳು ಹೈದರನ ದಂಡಿನೊಂದಿಗೆ ಸೇರಿದರು, ಕಡಲೂರು ಕೈವಶವಾಯಿತು. ಸಫ್ರೆನ್ ಸಮುದ್ರದಲ್ಲಿ ಹ್ಯೂಸನನ್ನು ಒಂದರ ಮೇಲೊಂದು ಯುದ್ಧಕ್ಕೆಳೆದ. ಜುಲೈ ಕೊನೆಯಲ್ಲಿ ಹೈದರ್ ಅವನನ್ನು ಕಾಣಲು ಕಡಲೂರಿನ ಸಮೀಪಕ್ಕೆ ಬಂದ. ದಪ್ಪ ಮೈಯ ಸಫ್ರೆನ್ ಬಿಗಿ ಉಡುಪಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರದೆ ಒದ್ದಾಡಿದಾಗ ಹೈದರ್ ದಿಂಬುಗಳನ್ನು ತರಿಸಿ ಅನುಕೂಲ ಮಾಡಿಸಿದನಂತೆ. ಹಡಗುಗಳನ್ನು ನೋಡಲು ಬನ್ನಿ ಎಂದು ಸಫ್ರೆನ್ ಕರೆದಾಗ, ನಿಮ್ಮನ್ನು ನೋಡಿದ್ದಾಯಿತು, ಇನ್ನು ನೋಡಬೇಕಾದ್ದೇನೂ ಇಲ್ಲ ಎಂಬರ್ಥದಲ್ಲಿ ನಯವಾಗಿ ಒಲ್ಲೆನೆಂದನಂತೆ. ನೆಲದ ದೊರೆ ಮತ್ತು ಕಡಲಿನ ದಳಪತಿ ಹೀಗೆ ಒಮ್ಮೆ ಎದುರುಬದುರು ಕುಳಿತರು. ಒಂದು ವರ್ಷ ಮೊದಲೇ ಇವನು ಬಂದಿದ್ದರೆ ಎಂದು ಹೈದರನಿಗೆ ಅನಿಸದೆ ಇರುತ್ತದೆಯೇ?

ಅಷ್ಟರಲ್ಲಿ ಮೈಮೇಲಿನ ರಾಜಹುಣ್ಣು ಅವನನ್ನು ತಿನ್ನತೊಡಗಿತ್ತು. ಕೊನೆಯ ದಿನಗಳಲ್ಲಿ ಪೂರ್ಣಯ್ಯನವರೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದನ್ನು ಮುಂದೆ ಪೂರ್ಣಯ್ಯನವರು ತಿಳಿಸಿದ್ದಾರೆ. ಬೇಲಿಯಂಥ ಎಷ್ಟು ಜನರನ್ನು ಸೋಲಿಸಿದರೂ ಇಂಗ್ಲಿಷರು ಮುಗಿಯುವುದಿಲ್ಲ, ನೆಲದ ಮೇಲೆ ಅವರನ್ನು ಹಾಳುಮಾಡಬಲ್ಲೆ, ಕಡಲನ್ನು ಬತ್ತಿಸಲಾರೆ, ಈ ಯುದ್ಧಕ್ಕೆ ಇಳಿದು ತಪ್ಪುಮಾಡಿದೆ ಎಂಬುದು ಅದರ ತಾತ್ಪರ್ಯ. ಅರಸರಲ್ಲಿ ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡವರು ಕಡಿಮೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಆಗ ಮಲಬಾರಿನಲ್ಲಿದ್ದ. ಅಲ್ಲೂ ಹಡಗಿನಿಂದ ಇಳಿದಿದ್ದ ಕಂಪನಿಯ ದಂಡನ್ನು ಎದುರಿಸಲು ಹೋಗಿದ್ದ. ದಂಡು ಚದುರಬಾರದೆಂದು ಪೂರ್ಣಯ್ಯ, ಕೃಷ್ಣರಾಯ ಮೊದಲಾದವರು ಸಾವನ್ನು ಗುಟ್ಟಾಗಿಟ್ಟರು. ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕೋಲಾರಕ್ಕೆ ಸಾಗಿಸಿದರು. ಮುಂದೆ ಅಲ್ಲಿಂದ ತಂದು ಗುಂಬಜ್‌ನಲ್ಲಿ ಮಣ್ಣು ಮಾಡಿದರು.

ಅವನು ಹೆದರಿದ್ದೇ ಆಯಿತು

ಹೈದರ್ ಸತ್ತು ಒಂದು ತಿಂಗಳಾಗುವಷ್ಟರಲ್ಲಿ, 1783ರ ಜನವರಿಯಲ್ಲಿ, ಮುಂಬಯಿಯಿಂದ ಹಡಗಿನಲ್ಲಿ ಬಂದ ಜನರಲ್ ಮ್ಯಾಥ್ಯೂಸ್‌ನ ದಂಡು ಉತ್ತರ ಕನ್ನಡದ ದಡದಲ್ಲಿ ಇಳಿಯಿತು. ಹೊನ್ನಾವರ, ಕುಂದಾಪುರ ಬಿದ್ದವು. ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನೂ ಹಿಡಿದರು. ಟಿಪ್ಪು ಪೂರ್ವದ ಯುದ್ಧವನ್ನು ಬಿಟ್ಟು ಓಡಿಬಂದು ಏಪ್ರಿಲ್ ಹೊತ್ತಿಗೆ ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತ. ಹೈದರ್ ದಾರಿ ಕಾಯುತ್ತಿದ್ದ ಫ್ರೆಂಚ್ ದಂಡನಾಯಕ ಬುಸ್ಸಿ ಬಂದು ಇಳಿದದ್ದು ಮಾರ್ಚ್‌ನಲ್ಲಿ, ಅವನು ತೀರಿಕೊಂಡ ಮೂರು ತಿಂಗಳಿಗೆ.

ಮಂಗಳೂರಿನ ಕೋಟೆಯಲ್ಲಿ ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು 1784ರ ಜನವರಿ 30ರ ತನಕ ಮುತ್ತಿಗೆಯಲ್ಲಿ ಸಿಲುಕಿತ್ತು. ಒಳಗಿದ್ದ ಸಿಪಾಯಿಗಳು ಅನ್ನವಿಲ್ಲದೆ, ಕಾಯಿಲೆಯಿಂದ ದಿನದಿನವೂ ಸತ್ತರು. ಹೊರಗೆ ಮಳೆಗಾಲದ ಕೆಸರಿನಲ್ಲಿ ನಿಂತಿದ್ದವರು ನಮ್ಮ ಸೀಮೆಯ ಸಿಪಾಯಿಗಳು, ಕಂದಾಚಾರದ ಆಳುಗಳು. ಊರಿನಲ್ಲಿ ಹೊಲ ಬಿಟ್ಟು ಕರೆ ಬಂದಾಗ ಹೋಗಬೇಕಾದವರು. ಕೋಟೆಯ ಒಳಗೂ ಹೊರಗೂ ಹಸಿದವರು ಬಡವರ ಮಕ್ಕಳೇ. ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಯುದ್ಧ ನಿಂತಿತು. ಅದೇ ವರ್ಷ ಕಾವೇರಿಯ ದಡದಲ್ಲಿ ಕಟ್ಟಿಸಿದ ಬೇಸಿಗೆ ಅರಮನೆಗೆ ಟಿಪ್ಪು ಇಟ್ಟ ಹೆಸರು ದರಿಯಾ ದೌಲತ್.

ಅಲ್ಲಿಗೆ ನನ್ನ ಒಂಬತ್ತನೇ ತರಗತಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು ಎಂದುಕೊಂಡಿದ್ದೇನೆ. ಹೆಸರಿಟ್ಟವನ ಮನಸ್ಸಿನಲ್ಲಿ ಏನಿತ್ತೋ ಅವನಿಗೇ ಗೊತ್ತು. ಆದರೆ ಆ ಮನೆತನಕ್ಕೆ ಕಡಲು ಎಂದರೆ ಏನೆಂದು ಇಷ್ಟೆಲ್ಲ ಓದಿದ ಮೇಲೆ ಅರ್ಥವಾಯಿತು. 1796ರಲ್ಲಿ ಟಿಪ್ಪು 40 ಯುದ್ಧದ ಹಡಗುಗಳನ್ನು ಕಟ್ಟಲು ಹುಕುಂ ಹೊರಡಿಸಿದ. ಕಾಲ ಮೀರಿತ್ತು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣವೇ ಬಿತ್ತು.

ಕೊನೆಯ ಮಾತು

ಹೋದ ವರ್ಷ ಯುಗಾದಿಗೆ ಊರಿಗೆ ಬಂದಾಗ ಮಗಳನ್ನು ಕರೆದುಕೊಂಡು ಗುಂಬಜ್‌ಗೆ ಹೋಗಿದ್ದೆ. ನಡುವೆ ಹೈದರ್, ಪಕ್ಕದಲ್ಲಿ ಹೆಂಡತಿ ಫಕ್ರುನ್ನಿಸಾ ಮತ್ತು ಮಗ ಟಿಪ್ಪು. ಅಕ್ಷರ ಬಾರದ ಒಬ್ಬ ಸಿಪಾಯಿಯ ಮಗ ಇಷ್ಟು ದೊಡ್ಡ ರಾಜ್ಯ ಕಟ್ಟಿದ್ದು ಗೊತ್ತಿಲ್ಲದ್ದನ್ನು ಕಲಿಯುವ ಹಂಬಲದಿಂದ. ತೋಪು ಎರಕ ಹೊಯ್ಯುವುದನ್ನು ಫ್ರೆಂಚರಿಂದ ಕಲಿತ, ಕವಾಯತನ್ನು ಶತ್ರುಗಳಿಂದ ಕಲಿತ. ಕಡಲನ್ನು ಮಾತ್ರ ಕಡಲಿನವರ ಕೈಗೆ ಬಿಟ್ಟು ಕಲಿಯಲಿಲ್ಲ. ಅದು ಒಂದೇ ಅವನಿಗೆ ಸಾಧ್ಯವಾಗದೆ ಹೋದದ್ದು.

ನಮ್ಮ ಶಾಲೆಯಿಂದ ಹೊರಟು ಪೇಟೆ ಸೇರಿದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಡಲು ಎದುರಾಗಿದೆ. ನನಗೆ ಅದು ಇಂಗ್ಲಿಷ್ ಆಗಿತ್ತು. ಆಗ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬರ ಬಳಿ ಹೋಗಿ ನನಗೆ ಗೊತ್ತಿಲ್ಲ ಅಣ್ಣಾ, ಹೇಳಿಕೊಡಿ ಎಂದು ಕೇಳಿದೆ. ಆ ಮಾತನ್ನು ಸಂಕೋಚವಿಲ್ಲದೆ ಹೇಳುವ ಅಭ್ಯಾಸ ನನಗೆ ಬಂದದ್ದು ಈ ಶಾಲೆಯಲ್ಲಿ, ಎಲ್ಲರೂ ನಕ್ಕಾಗ ನಗದೆ ನಿಂತ ಮೇಷ್ಟ್ರಿಂದ.

ಶಾಲೆಯ ಈಗಿನ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ ಚಿನಕುರಳಿಯಲ್ಲೂ ಹತ್ತು ನಿಮಿಷ ಬಸ್ಸು ನಿಲ್ಲಿಸಿ. ಸಾಧ್ಯವಾದರೆ ಒಂದು ವರ್ಷ ಮಂಗಳೂರಿಗೂ ಹೊನ್ನಾವರಕ್ಕೂ ಕರೆದೊಯ್ದು ಸಮುದ್ರ ತೋರಿಸಿ. ಅದರ ಖರ್ಚಿನಲ್ಲಿ ನಮ್ಮ ಬ್ಯಾಚಿನವರು ಪಾಲು ಹಾಕುತ್ತೇವೆ.